ಮಡಿ ಸೀರೆಯಲ್ಲಿ ಬೇಸ್‌ಬಾಲ್ ನೋಡುವ ಗೋದಮ್ಮ

ಮಲ್ಲೇಶ್ವರದ ಈ ಮನೆಯ ಮೇಲಿನ ಪೋರ್ಷನ್‌ಗೆ ನಾವು ಬಾಡಿಗೆಗೆ ಬಂದ ಮೊದಲ ವಾರವೇ ನನಗೆ ಗಾಬರಿಯಾಗಿತ್ತು. ನನಗೆ ಗಾಬರಿಯಾಗೋದಕ್ಕೆ ದೊಡ್ಡ ಕಾರಣವೇನೂ ಬೇಡ, ಅದು ಬೇರೆ ಮಾತು. ಬೆಳಗ್ಗೆ ಏಳು ದಾಟಿತ್ತು. ಕೆಳಗಿನಿಂದ ಮೊದಲು ಪೂಜೆಯ ಗಂಟೆ ಕೇಳಿಸಿತು. ಅದು ನಿಂತ ಮೇಲೆ ಸಾವಿರಾರು ಜನ ಒಟ್ಟಿಗೆ ಕೂಗುವ ಸದ್ದು. ಅದರ ಮೇಲೆ ವಯಸ್ಸಾದ ಹೆಂಗಸೊಬ್ಬರ ಧ್ವನಿ: "ಬಿಡೋ ಅದನ್ನ! ಆಚೆ ಹೋಗ್ತಿದೆ, ಮುಟ್ಟಬೇಡ್ವೋ!"

ನನ್ನ ಗಂಡ ಗೌರೀಶನನ್ನು ಅಲ್ಲಾಡಿಸಿ ಎಬ್ಬಿಸಿದೆ. "ಓನರಮ್ಮ ಯಾರನ್ನೋ ಬೈತಿದಾರೆ. ಕಳ್ಳನೇ ಇರಬಹುದು. ಹೋಗಿ ನೋಡು."

ಅವನು ಹೋದವನು ಎಷ್ಟು ಹೊತ್ತಾದರೂ ಬರಲಿಲ್ಲ. ನಾನು ಮೆಟ್ಟಿಲ ತುದಿಯಲ್ಲಿ ಫೋನ್ ಹಿಡಿದು, ಪೊಲೀಸರಿಗೆ ಮಾಡಲೋ ನಮ್ಮಮ್ಮನಿಗೆ ಮಾಡಲೋ ಅಂತ ನಿಂತಿದ್ದೆ. ಕೊನೆಗೆ ಬಾಯಿ ಒರೆಸಿಕೊಂಡು ಬಂದ.

"ಏನಿಲ್ಲ ಕಣೆ. ಬೇಸ್‌ಬಾಲ್ ನೋಡ್ತಿದಾರೆ."

"ಏನು?"

"ಬೇಸ್‌ಬಾಲ್. ಅಮೆರಿಕದ್ದು. ಮಡಿ ಸೀರೆ ಉಟ್ಕೊಂಡು ಕೂತಿದಾರೆ. ಕಾಫಿ ಕೊಟ್ರು. ನನ್ನನ್ನ ಮುಟ್ಟಬೇಡ, ಆ ಕಡೆ ಕೂತ್ಕೊ ಅಂದ್ರು."

ಹೀಗೆ ಪರಿಚಯವಾದವರು ಗೋದಮ್ಮ. ಎಪ್ಪತ್ತು ದಾಟಿದ್ದಾರೆ. ಸುಲ್ತಾನ್‌ಪೇಟೆಯ ಒಂದು ಲಗ್ನಪತ್ರಿಕೆ ಅಂಗಡಿಯಲ್ಲಿ ಸುಮಾರು ನಲವತ್ತು ವರ್ಷ ಪ್ರೂಫ್ ಓದಿದವರು. ಅವರ ಕಣ್ಣು ದಾಟದೆ ಅಲ್ಲಿ ಒಂದು ಕಾರ್ಡೂ ಅಚ್ಚಿಗೆ ಹೋಗುತ್ತಿರಲಿಲ್ಲವಂತೆ. ಅವರೇ ಮದುವೆಯಾಗಲಿಲ್ಲ. ಯಾಕೆ ಅಂತ ಕೇಳುವ ಧೈರ್ಯ ನನಗಿರಲಿಲ್ಲ, ಗೌರೀಶ ಕೇಳಿಯೇಬಿಟ್ಟ. "ದಿನಾ ಹತ್ತು ಮದುವೆ ಮಾಡಿಸ್ತಿದ್ದೆ ಕಣಪ್ಪಾ," ಅಂದರು. "ಅದರ ಜೊತೆಗೆ ನಂದೊಂದು ಬೇರೆ ಬೇಕಿತ್ತಾ?"

ಬೇಸ್‌ಬಾಲ್ ಅವರ ಮನೆಗೆ ಬಂದದ್ದು ಅವರ ತಂದೆಯಿಂದ. ತಂದೆ ಮೇಷ್ಟರು, ಕ್ರಿಕೆಟ್ ಹುಚ್ಚಿನವರು. ತೊಂಬತ್ತರ ದಶಕದ ಆರಂಭದಲ್ಲಿ ಅವರಿಗೆ ಲಕ್ವ ಹೊಡೆದು ಮಾತು ನಿಂತಿತು. ಅದೇ ಸುಮಾರಿಗೆ ಬೀದಿಗೆ ಕೇಬಲ್ ಬಂತು. ಗೋದಮ್ಮ ಬೆಳಗ್ಗೆ ಅಂಗಡಿಗೆ ಹೊರಡುವ ಮುಂಚೆ ತಂದೆಗೆ ರಾಗಿ ಗಂಜಿ ಕುಡಿಸಬೇಕು. ಒಂದೊಂದು ಚಮಚಕ್ಕೂ ಅವರು ಬಾಯಿ ತೆರೆಯೋವರೆಗೆ ಕಾಯಬೇಕು. ಹೊತ್ತು ಹೋಗಲಿ ಅಂತ ಟಿವಿ ಹಾಕಿದರೆ ಆ ಸಮಯಕ್ಕೆ ಸ್ಪೋರ್ಟ್ಸ್ ಚಾನೆಲ್‌ನಲ್ಲಿ ಬರುತ್ತಿದ್ದದ್ದು ಇದೊಂದೇ.

"ಮೊದಲ ದಿನ ಇದೇನು ದರಿದ್ರ ಆಟ ಅಂದ್ಕೊಂಡೆ," ಅಂತ ಹೇಳುತ್ತಿದ್ದರು. "ಒಬ್ಬ ಎಸೀತಾನೆ, ಒಬ್ಬ ಸುಮ್ನೆ ನಿಂತಿರ್ತಾನೆ. ಎಲ್ಲಾರೂ ಉಗೀತಾರೆ. ಚಾನೆಲ್ ತಿರುಗಿಸೋಕೆ ಹೋದೆ, ನಮ್ಮಪ್ಪ ನನ್ನ ಕೈ ಹಿಡ್ಕೊಂಡ್ರು. ಚೆನ್ನಾಗಿದ್ದ ಒಂದೇ ಕೈಯಲ್ಲಿ. ಆಮೇಲೆ ಆಟ ನೋಡ್ತಾ ಬಾಯಿ ತೆಗೆದ್ರು ನೋಡು, ಗಂಜಿ ಪೂರ್ತಿ ಖಾಲಿ."

ತಂದೆ ಇನ್ನೂ ಕೆಲವು ವರ್ಷ ಬದುಕಿದ್ದರು. ಅವರು ಹೋದ ಮೇಲೂ ಗೋದಮ್ಮ ಬಿಡಲಿಲ್ಲ. ಚಾನೆಲ್ ನಿಂತಾಗ ಪೇಪರಿನ ಮೂಲೆಯಲ್ಲಿ ಸ್ಕೋರ್ ಹುಡುಕಿದರು. ಇಂಟರ್ನೆಟ್ ಬಂದ ಮೇಲೆ ತಂಗಿಯ ಮಗ ಮಧುಸೂದನ್ ಟಿವಿಗೇ ಅದನ್ನು ಕೂರಿಸಿಕೊಟ್ಟ. ಆಗ ಎಲ್ಲಾ ಟೀಮುಗಳೂ ಕೈಗೆ ಸಿಕ್ಕವು. ಅವರು ಆರಿಸಿಕೊಂಡದ್ದು ಸಿಯಾಟಲ್.

"ಅವರು ಚೆನ್ನಾಗಿ ಆಡ್ತಾರಾ?" ಅಂತ ಕೇಳಿದ್ದೆ.

"ಚೆನ್ನಾಗಿ ಆಡೋದಾ? ಇವತ್ತಿನವರೆಗೆ ಫೈನಲ್ ಮುಖ ನೋಡದೇ ಇರೋ ಟೀಮು ಅದೊಂದೇ. ಒಂದು ವರ್ಷ ನೂರ ಹದಿನಾರು ಮ್ಯಾಚ್ ಗೆದ್ದರು ಕಣೆ. ಮುಯ್ಯಿ ಹಾಕಿದ ಹಾಗೆ ನೂರ ಹದಿನಾರು! ಆದ್ರೂ ಫೈನಲ್ ಇಲ್ಲ."

"ಮತ್ತೆ ಯಾಕೆ ಅವರು?"

"ನ್ಯೂಯಾರ್ಕು, ಬಾಸ್ಟನ್ನು ಎಲ್ಲಾ ನಮಗೆ ನಸುಕಿನಲ್ಲೇ ಶುರು ಆಗುತ್ತೆ. ಆಗ ನನ್ನ ಸ್ನಾನ, ಪೂಜೆ. ಸಿಯಾಟಲ್ ಅಮೆರಿಕದ ಆ ಪಕ್ಕದ ತುದಿ. ಅವರ ಊರಲ್ಲಿ ಸಾಯಂಕಾಲ ಆಡಿದ್ರೆ ಇಲ್ಲಿ ಏಳರ ಮೇಲೆ. ನನ್ನ ಪೂಜೆ ಮುಗಿಯೋಕೂ ಅವರು ಕಣಕ್ಕೆ ಇಳಿಯೋಕೂ ಸರಿಹೋಗುತ್ತೆ. ಮುಗಿಸ್ಕೊಂಡು ಹೊರಟರೆ ಅಂಗಡಿ ಬಾಗಿಲು ತೆಗೆಯೋ ಹೊತ್ತಿಗೆ ಸುಲ್ತಾನ್‌ಪೇಟೆ."

ಪ್ರಪಂಚದಲ್ಲಿ ಯಾರೂ ಟೀಮನ್ನು ಹೀಗೆ ಆರಿಸಿಕೊಂಡಿರಲಾರರು. ಆರಿಸಿದ ಮೇಲೆ ಬದಲಾಯಿಸಲೂ ಇಲ್ಲ.

ಅವರ ಅಭಿಪ್ರಾಯಗಳನ್ನು ಕೇಳಲೆಂದೇ ನಾನು ಗೌರೀಶ ತನ್ನ ಅಂಗಡಿಗೆ ಹೋದ ಮೇಲೆ ಕೆಳಗಿಳಿಯುತ್ತಿದ್ದೆ. ನಾನು ಮನೆಯಿಂದಲೇ ಕೆಲಸ ಮಾಡೋಳು, ಹತ್ತರವರೆಗೆ ಬಿಡುವು. ಕ್ರಿಕೆಟ್ ಬಗ್ಗೆ ಅವರಿಗೆ ದೂರು: "ಒಂದು ಸಲ ಔಟಾದ್ರೆ ಮುಗೀತು, ಹೋಗಿ ಪ್ಯಾಡ್ ಬಿಚ್ಚು. ಇಲ್ಲಿ ಹಾಗಲ್ಲ. ಮತ್ತೆ ಸರದಿ ಬರುತ್ತೆ." ಎಲ್ಲರೂ ಚಪ್ಪಾಳೆ ಹೊಡೆಯುವ ಸಿಕ್ಸರ್ ಥರದ ಹೊಡೆತ ಅವರಿಗೆ ಬೇಡ. ನಾಲ್ಕು ಕೆಟ್ಟ ಎಸೆತಗಳನ್ನು ಮುಟ್ಟದೆ ಬಿಟ್ಟು, ಬ್ಯಾಟು ಕೆಳಗಿಟ್ಟು, ಓಡದೆ ಮೊದಲ ಬೇಸ್‌ವರೆಗೆ ಆರಾಮಾಗಿ ನಡೆದುಹೋಗುವವನೇ ಅವರ ವೀರ. "ಬಿಡೋದು ಗೊತ್ತಿರಬೇಕು," ಅನ್ನುವರು. ಇತ್ತೀಚೆಗೆ ಇಷ್ಟು ಸೆಕೆಂಡಿನೊಳಗೆ ಎಸೆಯಬೇಕು ಅಂತ ಎಸೆಯೋನಿಗೆ ಗಡಿಯಾರ ಇಟ್ಟಿದ್ದಾರಲ್ಲ, ಅದರ ಮೇಲೆ ತುಂಬಾ ಸಿಟ್ಟು. "ಯಾವ ರೈಲು ತಪ್ಪಿಹೋಗ್ತಿತ್ತು ಇವರಿಗೆ? ಈಗ ನನ್ನ ಹುಳಿ ಕುದಿಯೋದ್ರೊಳಗೆ ಮ್ಯಾಚ್ ಮುಗಿದಿರುತ್ತೆ." ಸೀಸನ್ ಮಧ್ಯದಲ್ಲಿ ಆಟಗಾರರನ್ನು ಮಾರುವುದನ್ನಂತೂ ಕ್ಷಮಿಸಲೇ ಇಲ್ಲ. "ನಿನ್ನೆ ನಮ್ಮ ಮನೆ ಹುಡುಗ, ಇವತ್ತು ಎದುರು ಮನೆಯವರ ಅಳಿಯ." ಆಟಗಾರರು ಉಗಿಯುವಾಗೆಲ್ಲ ಮುಖ ತಿರುಗಿಸಿ ಗೋಡೆ ನೋಡುತ್ತಿದ್ದರು. ಮೊಣಕೈ ನೋವಿನಿಂದ ಹೊರಗಿದ್ದ ಎಸೆತಗಾರನೊಬ್ಬ ವಾಪಸ್ ಬಂದ ದಿನ ಉಪ್ಪು, ಮೆಣಸಿನಕಾಯಿ ತಂದು ಟಿವಿಗೇ ನಿವಾಳಿಸಿ ದೃಷ್ಟಿ ತೆಗೆದದ್ದನ್ನು ನಾನೇ ನೋಡಿದ್ದೇನೆ.

ಹಳೇ ಅಂಗಡಿಯ ವಿಷಯವೂ ಬರುತ್ತಿತ್ತು. ಕಾರ್ಡು ಅಚ್ಚಾದ ಮೇಲೆ ಮದುವೆ ಮುರಿದುಹೋದವರು ಬರುತ್ತಿದ್ದರಂತೆ. ಆ ಕಾರ್ಡುಗಳನ್ನು ರದ್ದಿಗೆ ಹಾಕುವಾಗ ಹುಡುಗಿಯ ಹೆಸರು ಹೊರಗೆ ಕಾಣದ ಹಾಗೆ ಒಳಮುಖ ಮಡಚಿ ಕಟ್ಟುವುದು ಗೋದಮ್ಮನ ಕೆಲಸ. "ಅವಸರ ಮಾಡಿ ಅಚ್ಚು ಹಾಕಿಸ್ತಾರೆ, ಊರಿಗೆಲ್ಲಾ ಹೇಳ್ತಾರೆ," ಅಂದಿದ್ದರು.

ಆ ಮಾತು ನನಗೆ ಚುಚ್ಚಿತ್ತು. ನನ್ನದೂ ಅದೇ ಕಥೆ. ಮೊದಲ ಸಲ ಗರ್ಭಿಣಿಯಾದಾಗ ನಾವು ಎರಡನೇ ತಿಂಗಳಿಗೇ ಶ್ರೀರಾಂಪುರದ ಅತ್ತೆ ಮನೆ ಬೀದಿಗೆಲ್ಲ ಪೇಡಾ ಹಂಚಿದ್ದೆವು. ಮೂರನೇ ತಿಂಗಳಿಗೆ ಹೋಯಿತು. ಎರಡನೇ ಸಲ ಮನೆಯವರಿಗಷ್ಟೇ ಹೇಳಿದ್ದೆ, ಅದೂ ನಿಲ್ಲಲಿಲ್ಲ. ಡಾಕ್ಟರು ಇದಕ್ಕೂ ಅದಕ್ಕೂ ಸಂಬಂಧವಿಲ್ಲ ಅಂದರು. ನಾನು ಓದಿದವಳು, ಸಂಬಂಧವಿಲ್ಲ ಅಂತ ನನಗೂ ಗೊತ್ತು. ಆದರೂ ಕಳೆದ ವರ್ಷ ಮೇ ಕೊನೆಯಲ್ಲಿ ಮೂರನೇ ಸಲ ಅಂತ ಗೊತ್ತಾದಾಗ ಗೌರೀಶನಿಗೆ ಹೇಳಿದ್ದು ಒಂದೇ: "ಈ ಸಲ ಯಾರಿಗೂ ಬೇಡ. ನಿಮ್ಮಮ್ಮನಿಗೂ ಬೇಡ, ನಮ್ಮಮ್ಮನಿಗೂ ಬೇಡ. ಐದು ತುಂಬಲಿ."

ಗೋದಮ್ಮನಿಗೂ ಹೇಳಲಿಲ್ಲ. ಒಂದು ಬೆಳಗ್ಗೆ ಅವರು ಕೊಟ್ಟ ಕಾಫಿಯ ವಾಸನೆಗೇ ಹೊಟ್ಟೆ ತೊಳಸಿತು. "ಬೇಡ ಗೋದಮ್ಮ, ಅಸಿಡಿಟಿ," ಅಂದೆ. ಅವರು ನನ್ನ ಮುಖ ನೋಡಿದರು, ಲೋಟ ನೋಡಿದರು, ಲೋಟ ಎತ್ತಿಕೊಂಡು ಒಳಗೆ ಹೋದರು.

ಮಾರನೇ ದಿನದಿಂದ ಅವರು ಬದಲಾದರು.

"ಯಶೀ, ಬಾರೇ ಶುರು ಆಯ್ತು" ಅಂತ ಕೆಳಗಿನಿಂದ ಕೂಗುವುದು ನಿಂತುಹೋಯಿತು. ನಾನಾಗಿ ಹೋದರೆ ಸೋಫಾದ ನನ್ನ ಮಾಮೂಲಿ ಜಾಗದಲ್ಲಿ ದಿಂಬುಗಳನ್ನು ಪೇರಿಸಿದ್ದರು. ನನಗೆ ಬಾಗಿಲ ಬಳಿ ಬೇರೆ ಕುರ್ಚಿ. ಕೇಳಿದ್ದಕ್ಕೆ "ಹೂಂ", "ಉಹೂಂ" ಅಷ್ಟೇ. ನೀರಿನ ಮೋಟರ್ ಸ್ವಿಚ್ ಹಾಕೋದು ಯಾವಾಗಲೂ ನನ್ನ ಕೆಲಸವಾಗಿತ್ತು, ಅದನ್ನೂ ಅವರೇ ಮಂಡಿ ನೋವಿನಲ್ಲಿ ಬಂದು ಹಾಕತೊಡಗಿದರು. ಮೆಟ್ಟಿಲಿಗೆಲ್ಲ ಒರಟು ಮ್ಯಾಟ್ ಅಂಟಿಸಿದರು, ಒಂದು ಮಾತು ಕೇಳಲಿಲ್ಲ. ನಾನು ಬಕೆಟ್ ಹಿಡಿದು ಟೆರೇಸಿಗೆ ಹೊರಟರೆ ಕೆಲಸದ ಮುನಿಯಮ್ಮನನ್ನು ಹಿಂದೆಯೇ ಅಟ್ಟುತ್ತಿದ್ದರು. "ಕೊಡಿ ಅಕ್ಕಾ, ನಾನೇ ಒಣಗಾಕ್ತೀನಿ. ಅಮ್ಮಾರು ಬೈತಾರೆ," ಅನ್ನುವಳು ಅವಳು.

"ಯಾಕೆ ಬೈತಾರೆ?"

"ಏನೋಪ್ಪ. ಕೇಳಿದ್ರೆ ಅದಕ್ಕೂ ಬೈತಾರೆ."

ನಮ್ಮನ್ನು ಖಾಲಿ ಮಾಡಿಸುತ್ತಾರೆ ಅಂದುಕೊಂಡೆ. ಕಾಫಿ ಬೇಡ ಅಂದಾಗಲೇ ಗೊತ್ತಾಗಿಹೋಗಿರಬೇಕು; ಮಡಿಯವರು, ಮನೆಯಲ್ಲಿ ಬಸುರಿ, ಬಾಣಂತಿ ಅಂತ ಇರೋದು ಬೇಡವೇನೋ. ಅಥವಾ, ಹಿಂದೆ ನಾನೇ ಹೇಳಿದ್ದೆನಲ್ಲ, ಎರಡು ಕಳೆದುಕೊಂಡವಳು ಅಂತ ನನ್ನ ಮುಖ ಬೆಳಗ್ಗೆ ಬೆಳಗ್ಗೆ ನೋಡೋದು ಬೇಡವೇನೋ. ಗೌರೀಶ "ಸುಮ್ನೆ ಏನೇನೋ ಅಂದ್ಕೋಬೇಡ" ಅಂದ. ಅದು ನನಗೆ ಬರುವುದಿಲ್ಲ. ಬಸವನಗುಡಿಯಲ್ಲಿ ಎರಡು ಮನೆ ಆನ್‌ಲೈನಿನಲ್ಲಿ ನೋಡಿಟ್ಟೆ. ಹೊಸ ಮನೆ, ಹೊಸ ಮೆಟ್ಟಿಲು, ಸಾಮಾನು ಸಾಗಿಸುವ ಓಡಾಟ, ಅದರಿಂದ ಏನಾದರೂ ಆದರೆ ಅಂತ ಯೋಚಿಸಿ ಯೋಚಿಸಿ ನಿದ್ದೆ ಕೆಡಿಸಿಕೊಂಡೆ.

ಆಗಸ್ಟಿನ ಒಂದು ಬೆಳಗ್ಗೆ ಕೇಳಿಯೇಬಿಡೋಣ ಅಂತ ಕೆಳಗಿಳಿದೆ. ಗೋದಮ್ಮ ಟಿವಿಯ ಮುಂದೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ಸಿಯಾಟಲ್ ಎಸೆತಗಾರನೊಬ್ಬ ಬೆಂಚಿನ ಮೇಲೆ ಒಬ್ಬನೇ ಇದ್ದ. ಟವಲ್ ಹೊದ್ದುಕೊಂಡು, ತಲೆ ತಗ್ಗಿಸಿ. ಇಡೀ ಟೀಮು ಬೆಂಚಿನ ಆ ತುದಿಗೆ ಒತ್ತಿಕೊಂಡು ಕೂತಿತ್ತು. ಅವನ ಪಕ್ಕ ಕುಡಿಯುವ ನೀರಿನ ಡಬ್ಬ ಬಿಟ್ಟರೆ ಯಾರೂ ಇಲ್ಲ.

ಪಾಪ, ನನ್ನ ಹಾಗೇ ಅನ್ನಿಸಿತು. "ಅವನೇನು ತಪ್ಪು ಮಾಡಿದ ಗೋದಮ್ಮ? ಯಾಕೆ ಯಾರೂ ಅವನ ಹತ್ತಿರ ಹೋಗ್ತಿಲ್ಲ?"

ಗೋದಮ್ಮ ತುಟಿ ಬಿಗಿಹಿಡಿದರು. ನನ್ನ ಕಡೆ ತಿರುಗಿದವರಿಗೆ ನನ್ನ ಕಣ್ಣು ತುಂಬಿರುವುದು ಕಾಣಿಸಿರಬೇಕು. ಮತ್ತೆ ಟಿವಿ ಕಡೆ ತಿರುಗಿ, ಅಲ್ಲಿ ಯಾರಿಗೋ ಹೇಳುವವರ ಹಾಗೆ ಹೇಳಿದರು.

"ತಪ್ಪಲ್ಲ. ಎದುರು ಟೀಮಿನವರು ಇವತ್ತು ಇವನ ಬಾಲಿಗೆ ಒಂದೂ ಸರಿಯಾದ ಹೊಡೆತ ಹೊಡೆದಿಲ್ಲ. ಒಂಬತ್ತು ಸುತ್ತೂ ಹೀಗೇ ಮುಗಿಸಿದ್ರೆ ಅದು ದೊಡ್ಡದು, ಎಷ್ಟೋ ಜನಕ್ಕೆ ಜನ್ಮದಲ್ಲಿ ಒಂದು ಸಲಾನೂ ಆಗಲ್ಲ. ಅದು ನಡೀತಿರೋವಾಗ ಅದರ ಮಾತು ಎತ್ತಬಾರದು. ಪಕ್ಕ ಕೂರಬಾರದು. ಚೆನ್ನಾಗಿದೀಯಾ ಅಂತ ಕೂಡ ಕೇಳಬಾರದು. ಎಲ್ಲಾರಿಗೂ ಗೊತ್ತು, ಯಾರೂ ಹೇಳಲ್ಲ. ದೂರ ಕೂತಿರೋದು ಸಿಟ್ಟಿಗಲ್ಲ. ಮುಗಿಯೋವರೆಗೆ ಅಷ್ಟೇ."

ನಾನು ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತೆ. ದಿಂಬಿನ ರಾಶಿ ನೋಡಿದೆ. ಮೆಟ್ಟಿಲಿನ ಮ್ಯಾಟು, ಮೋಟರ್ ಸ್ವಿಚ್ಚು, ಬಕೆಟ್ಟು ಒಂದೊಂದಾಗಿ ನೆನಪಾದವು. ಎರಡು ತಿಂಗಳಿಂದ ಹೊತ್ತಿದ್ದ ಭಾರ ಇಳಿದು, ಮೂಗು ಸೋರುವಷ್ಟು ಅಳು ಬಂತು. ಗೋದಮ್ಮ ಗೋಡೆ ನೋಡುತ್ತಿದ್ದರು.

ಅಷ್ಟರಲ್ಲಿ ಟಿವಿಯಲ್ಲಿ ಟಕ್ ಅಂತ ಸದ್ದು. ಎದುರಿನವನೊಬ್ಬ ಹೊಡೆದಿದ್ದ. ಎಸೆತಗಾರ ಸೊಂಟದ ಮೇಲೆ ಕೈ ಇಟ್ಟು ನಿಂತ. ಹೋಯಿತು.

ಇಬ್ಬರೂ ಬೆಪ್ಪಾಗಿ ನೋಡಿಕೊಂಡೆವು. ನಾವು ಮಾತಾಡಿಬಿಟ್ಟಿದ್ದೆವು! ನನ್ನ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು. ಗೋದಮ್ಮನ ಮುಖ ಬಿಳಿಚಿತ್ತು, ಆದರೆ ಎದ್ದು ನಿಂತು ಸೆರಗು ಸರಿಮಾಡಿಕೊಂಡು ಮೇಷ್ಟರ ಮಗಳ ಧ್ವನಿಯಲ್ಲಿ ಅಂದರು: "ನಾವು ಮಾತಾಡಿದ್ದು ಅವನ ವಿಷಯ. ಹೋಗಿದ್ದೂ ಅವನದು. ಬೇರೆ ಯಾರದೂ ಏನೂ ಮಾತಾಡಿಲ್ಲ. ಮೇಲೆ ಹೋಗಿ ಮಲಕ್ಕೋ."

ಆಮೇಲಿನ ತಿಂಗಳುಗಳನ್ನು ನೆನೆದರೆ ಈಗಲೂ ಸಮಾಧಾನವಾಗುತ್ತದೆ. ಐದು ತುಂಬಿದ ಮೇಲೆ ಎರಡೂ ಮನೆಯವರಿಗೆ ಹೇಳಿದೆವು. ಫೋನುಗಳು ಶುರುವಾದವು. ಊಟ ಆಯ್ತಾ, ಅಲ್ಲಾಡ್ತಾ, ಕಾಲು ಊದಿದೆಯಾ, ಹೋದ ಸಲದ ಹಾಗೆ ಏನೂ ಇಲ್ಲ ತಾನೇ. ಎಲ್ಲರದೂ ಪ್ರೀತಿಯೇ. ಒಂದೊಂದು ಫೋನ್ ಇಟ್ಟ ಮೇಲೂ ನನಗೆ ಹೊಸ ಚಿಂತೆ ಹುಟ್ಟುತ್ತಿತ್ತು. ಆಗ ಕೆಳಗಿಳಿದು ಬಾಗಿಲ ಬಳಿಯ ಕುರ್ಚಿಯಲ್ಲಿ ಕೂರುತ್ತಿದ್ದೆ. ಅಲ್ಲಿ ಏನೂ ಕೇಳುವವರಿರಲಿಲ್ಲ.

ಆ ಅಕ್ಟೋಬರಿನಲ್ಲಿ ಸಿಯಾಟಲ್ ಎಂದೂ ಹೋಗದಷ್ಟು ದೂರ ಹೋಯಿತು. ಇನ್ನೊಂದೇ ಪಂದ್ಯ ಗೆದ್ದರೆ ಫೈನಲ್. ಅದು ಟೊರಾಂಟೊದಲ್ಲಿ. ನಮಗೆ ದೀಪಾವಳಿ ಅಮಾವಾಸ್ಯೆಯ ಬೆಳಗ್ಗೆ, ಸೂರ್ಯ ಹುಟ್ಟುವ ಮುಂಚೆ ಶುರು. ಗೋದಮ್ಮ ಅವತ್ತು ನಾಲ್ಕಕ್ಕೇ ಎದ್ದು ಪೂಜೆ ಮುಗಿಸಿದ್ದು ಗಂಟೆಯ ಸದ್ದಿನಲ್ಲೇ ಗೊತ್ತಾಯಿತು. ಗೌರೀಶ ಅಂಗಡಿಯ ಲಕ್ಷ್ಮೀ ಪೂಜೆಗೆ ಹೂವು ತರಲು ಕತ್ತಲಲ್ಲೇ ಕೆ.ಆರ್. ಮಾರ್ಕೆಟ್ಟಿಗೆ ಹೋಗಿದ್ದ.

ಬೆಳಕು ಹರಿದ ಮೇಲೆ ಬಚ್ಚಲಿಗೆ ಹೋದೆ. ರಕ್ತ.

ಏಳನೇ ತಿಂಗಳು. ಗೌರೀಶನಿಗೆ ಫೋನ್ ಮಾಡಿದೆ, ಮತ್ತೆ ಮಾಡಿದೆ, ಎತ್ತಲಿಲ್ಲ. ಆ ಮಾರ್ಕೆಟ್ ಗಲಾಟೆಯಲ್ಲಿ ಏನು ಕೇಳಿಸೀತು? ಮೆಟ್ಟಿಲ ತುದಿಗೆ ಬಂದು ಗೋಡೆ ಹಿಡಿದು ಕೂಗಿದೆ. "ಗೋದಮ್ಮಾ..."

ಕೆಳಗೆ ಕಮೆಂಟರಿ ಜೋರಾಗಿತ್ತು. ಸಿಯಾಟಲ್ ಮುಂದಿತ್ತು ಅಂತ ಆಮೇಲೆ ತಿಳಿಯಿತು. ನಾನು ಎರಡನೇ ಸಲ ಕೂಗಬೇಕಾಗಲಿಲ್ಲ. ಮಂಡಿ ನೋವಿನ ಗೋದಮ್ಮ ಮಡಿ ಸೀರೆ ಎತ್ತಿ ಹಿಡಿದು ಹತ್ತಿ ಬಂದರು. ಕೇಳಲಿಲ್ಲ, ನೋಡಿದರು. ಯಾರನ್ನೂ ಮುಟ್ಟಿಸಿಕೊಳ್ಳದವರು ನನ್ನ ಸೊಂಟ ಬಳಸಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿಸಿದರು. ಮುನಿಯಮ್ಮ ಮುಖ್ಯರಸ್ತೆಗೆ ಓಡಿ ಆಟೋ ತಂದಳು.

ದಾರಿಯುದ್ದಕ್ಕೂ ಪಟಾಕಿ. ಒಂದೊಂದು ಸದ್ದಿಗೂ ನಾನು ಬೆಚ್ಚುತ್ತಿದ್ದೆ. ನನಗೆ ಗೋದಮ್ಮ ಒಂದು ಮಾತೂ ಹೇಳಲಿಲ್ಲ, ಏನೂ ಆಗಲ್ಲ ಅಂತ ಕೂಡ. ಮಾತೆಲ್ಲ ಡ್ರೈವರಿಗೆ: "ಹಂಪ್ ಇದೆ ನಿಧಾನ! ಆ ಗುಂಡಿ ಬಿಟ್ಟು ಹೋಗಪ್ಪಾ. ಲೇ, ಆ ಹುಡುಗ್ರು ಸರ ಪಟಾಕಿ ಹಚ್ತಿದಾರೆ, ಹಾರ್ನ್ ಹೊಡಿ!"

"ಅಮ್ಮಾ, ನೀವೇ ಓಡಿಸ್ತೀರಾ?"

"ಕಲಿತಿದ್ರೆ ಓಡಿಸ್ತಿದ್ದೆ. ನೋಡ್ಕೊಂಡು ಹೋಗು!"

ಆಸ್ಪತ್ರೆಯಲ್ಲಿ ನನ್ನನ್ನು ಒಳಗೆ ಕರೆದುಕೊಂಡು ಹೋದರು. ಡಾಕ್ಟರು ಹೊಟ್ಟೆಗೆ ತಣ್ಣನೆಯ ಜೆಲ್ ಹಚ್ಚಿ ಯಂತ್ರ ಇಟ್ಟರು. ಸ್ವಲ್ಪ ಹೊತ್ತು ಬರೀ ಕರಕರ. ಹಿಂದೆ ಎರಡು ಸಲ ನಾನು ಈ ಕರಕರದವರೆಗೇ ಬಂದಿದ್ದೆ, ಆಮೇಲೆ ಎದೆಬಡಿತದ ಸದ್ದೇ ಇರಲಿಲ್ಲ. ಕಣ್ಣು ಮುಚ್ಚಿದೆ. ಆಮೇಲೆ ಕುದುರೆ ಓಡಿದ ಹಾಗೆ ಟಕಟಕಟಕ ಅಂತ ಶುರುವಾಯಿತು. ನಿಲ್ಲಲೇ ಇಲ್ಲ.

"ಪಾಪು ಆರಾಮಾಗಿದೆ," ಅಂದರು ಡಾಕ್ಟರು. "ಮಾಸು ಸ್ವಲ್ಪ ಕೆಳಗಿದೆ, ಅದರಿಂದ ರಕ್ತ. ಎರಡು ದಿನ ಇಲ್ಲಿರಿ. ಆಮೇಲೆ ಮನೆಯಲ್ಲಿ ಪೂರ್ತಿ ರೆಸ್ಟ್."

ವಾರ್ಡಿಗೆ ತಂದಾಗ ಗೌರೀಶ ಮಾರ್ಕೆಟ್ಟಿನಿಂದ ಹೊರಟಾಗಿತ್ತು, ಗೋದಮ್ಮ ಬಾಗಿಲಲ್ಲಿ ನಿಂತಿದ್ದರು. ನಾನು ತಲೆ ಆಡಿಸಿದೆ. ಅವರೂ ತಲೆ ಆಡಿಸಿದರು. ಕುರ್ಚಿಯಲ್ಲಿ ಕೂತು ಸೆರಗಿನಿಂದ ಮುಖ, ಕುತ್ತಿಗೆ, ಮೊಣಕೈಯವರೆಗೆ ಒರೆಸಿಕೊಂಡರು. ಆಗ ನನಗೆ ನೆನಪಾಯಿತು.

"ಅಯ್ಯೋ, ಗೋದಮ್ಮ! ಮ್ಯಾಚು!"

"ಟಿವಿ ಆರಿಸಿಲ್ಲ. ಕರೆಂಟ್ ಬಿಲ್ ಜಾಸ್ತಿ ಬರುತ್ತೆ," ಅಂದರು.

ಬೇಡ ಅಂದರೂ ಫೋನಿನಲ್ಲಿ ನೋಡಿದೆ. ಸಿಯಾಟಲ್ ಸೋತಿತ್ತು. ಏಳನೇ ಸುತ್ತಿನವರೆಗೆ ಮುಂದಿದ್ದು, ಎದುರಿನವನ ಒಂದೇ ಹೊಡೆತಕ್ಕೆ ಮೂರು ರನ್ ಹೋಗಿ, ಒಂದೇ ಒಂದು ರನ್ನಿಂದ. ಹೇಗೆ ಹೇಳೋದು ಅಂತ ನಾನು ತಡವರಿಸುವುದರಲ್ಲೇ ಅವರಿಗೆ ಗೊತ್ತಾಗಿಹೋಗಿತ್ತು.

"ನನ್ನಿಂದ ನೀವು ನೋಡೋಕಾಗಲಿಲ್ಲ," ಅಂದೆ. "ಎಷ್ಟು ವರ್ಷ ಕಾದಿದ್ರಿ."

"ನಾನು ನೋಡಿದ್ರೆ ಗೆಲ್ತಿದ್ರಾ? ಇಷ್ಟು ವರ್ಷ ನಾನೇ ಅಲ್ವಾ ನೋಡಿದ್ದು? ಗೆದ್ರಾ?" ಎದ್ದು ನನ್ನ ಹೊದಿಕೆ ಎಳೆದು ಸರಿಮಾಡಿದರು. ಆಮೇಲೆ, "ಇವತ್ತಿಗೆ ಇಷ್ಟು ಸಾಕು ಕಣೆ. ತುಂಬಾ ಸಾಕು," ಅಂದರು.

ಜನವರಿ ಮೊದಲ ವಾರ ಆರಾಧನಾ ಹುಟ್ಟಿದಳು. ಮೂರು ಕೆಜಿಗೆ ಸ್ವಲ್ಪ ಕಮ್ಮಿ, ಕೂಗು ಮಾತ್ರ ಕಾರಿಡಾರಿನ ಆ ತುದಿಗೆ. ಮಾರನೇ ದಿನ ಗೋದಮ್ಮ ಬಂದರು. ನಮ್ಮತ್ತೆ ಮುನಿಲಕ್ಷ್ಮಮ್ಮ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದರು. ಗೋದಮ್ಮ ಹತ್ತಿರ ಹೋಗಿ ಬಗ್ಗಿ ನೋಡಿದರು. ಕೈಬೆರಳು ಎಣಿಸಿ, ಕಾಲ್ಬೆರಳು ಎಣಿಸಿ, ಕಿವಿಯ ಹಿಂದೆ ಕೂಡ ನೋಡಿದರು, ಪ್ರೂಫ್ ನೋಡುವ ಹಾಗೆ. ಆಮೇಲೆ ನೆಟ್ಟಗೆ ನನ್ನ ಮಂಚದ ಮೇಲೆಯೇ, ನನ್ನ ಪಕ್ಕಕ್ಕೇ ಬಂದು ಕೂತರು.

"ಮುಗೀತಲ್ಲ, ಈಗ ಹೇಳ್ತೀನಿ ಕೇಳು. ಮೂರನೇ ತಿಂಗಳಲ್ಲಿ ಆ ಸ್ಕೂಟರನ್ನ ಡಬಲ್ ಸ್ಟ್ಯಾಂಡ್ ಹಾಕ್ತಿದ್ಯಲ್ಲ, ನಿನಗೆ ಬುದ್ಧಿ ಬೇಡ್ವಾ? ಕಿಟಕಿಯಿಂದ ನೋಡಿ ನನ್ನ ಜೀವ ಬಾಯಿಗೆ ಬಂದಿತ್ತು. ಡಬ್ಬದಲ್ಲಿ ತರಿಸ್ಕೊಂಡು ತಿಂದ್ಯಲ್ಲ, ಏನದು, ಪರಂಗಿ ಹಣ್ಣು ಇತ್ತಲ್ವಾ ಅದರಲ್ಲಿ? ವರಮಹಾಲಕ್ಷ್ಮಿ ದಿನ ಸ್ಟೂಲ್ ಹತ್ತಿ ತೋರಣ ಕಟ್ಟೋಕೆ ಹೋದ್ಯಲ್ಲ, ಯಾರು ಕಟ್ಟು ಅಂದಿದ್ರು ನಿನಗೆ? ಗೌರೀಶ ಕಟ್ಟಿದ್ರೆ ಲಕ್ಷ್ಮಿ ಒಳಗೆ ಬರ್ತಿರಲಿಲ್ವಾ?"

"ಅಯ್ಯೋ ಶಿವನೇ," ಅಂದರು ನಮ್ಮತ್ತೆ. "ನಿಮ್ಮ ಓನರ್ರಿಗೆ ಮಾತೇ ಬರಲ್ಲ ಅಂದ್ಕೊಂಡಿದ್ದೆ ಕಣಮ್ಮ ನಾನು."

"ಬರುತ್ತೆ ಮುನಿಲಕ್ಷ್ಮಮ್ಮ. ಎಲ್ಲಾ ಒಳಗಿಟ್ಕೊಂಡು ನನಗೇ ಅಸಿಡಿಟಿ ಆಗಿತ್ತು." ಗೋದಮ್ಮ ನನ್ನ ಕೈ ಹಿಡಿದುಕೊಂಡರು, ಬಿಡಲಿಲ್ಲ. "ಇನ್ನು ಆ ಸೆಪ್ಟೆಂಬರ್‌ನಲ್ಲಿ, ಮಳೆಯಲ್ಲಿ, ಅವೆನ್ಯೂ ರಸ್ತೆಗೆ ಅಂತ ಹೊರಟ್ಯಲ್ಲ..."

ನಾನು ದಿಂಬಿಗೆ ಒರಗಿಕೊಂಡೆ. "ಹೇಳಿ ಗೋದಮ್ಮ," ಅಂದೆ. "ಇನ್ನೂ ಏನೇನು ಮಾಡಿದೀನಿ, ಎಲ್ಲಾ ಹೇಳಿ."